ಇಂಜಿನ್ನಿಗೆ ಸಿಹಿನೀರು

ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ನಮ್ಮ ಯಜಮಾನರು ಇಂಜಿನ್ ಡ್ರೈವರ್ ಆಗಿದ್ದರು. ಇಂಜಿನ್ ಎಂದರೆ ರೈಲಿನದಲ್ಲ. ಗಾರೆಯ ಕಟ್ಟೆಯ ಮೇಲೆ ಕೂರಿಸಿದ, ಸೀಮೆಎಣ್ಣೆಯಲ್ಲಿ ಓಡುವ ಇಂಜಿನ್ನು. ಗಾಣಗಳೆಲ್ಲ ಅದರ ಪಟ್ಟಿಗಳಿಂದಲೇ ತಿರುಗುತ್ತಿದ್ದವು. ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು, ತವರಿನ ಮಾತು ತೆಲುಗು. ಲಾಳಿಯ ಸದ್ದು ಕೇಳುತ್ತ ಬೆಳೆದವಳಿಗೆ ಮದುವೆಯಾದ ಮೇಲೆ ಇಂಜಿನ್ನಿನ ಸದ್ದು ಕಷ್ಟವೆನಿಸಲಿಲ್ಲ. ಗಿರಣಿಯ ಹಿತ್ತಿಲಿನಲ್ಲೇ ನಮ್ಮ ಮನೆ. ಸದ್ದು ನಿಂತಾಗ ಮಾತ್ರ ಏನಾಯಿತೋ ಎಂದು ಕೈಕೆಲಸ ಬಿಟ್ಟು ಹೊರಗೆ ಬರುತ್ತಿದ್ದೆ.

ಮನೆಯಲ್ಲಿ ನಾವಿಬ್ಬರು ಮತ್ತು ಯಜಮಾನರ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದರಿಂದ ಆಕೆ ಅಣ್ಣನ ಮನೆಗೆ ವಾಪಸು ಬಂದಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು, ಮಾತು ಹೆಚ್ಚು. ಹೊಸ ಊರಿನಲ್ಲಿ ನನಗೆ ಗೆಳತಿ ಎಂದರೆ ಆಕೆಯೇ. ಇಬ್ಬರೂ ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು.

ಮೊದಲನೆಯ ದೊಡ್ಡ ಯುದ್ಧ ಮುಗಿಯುವ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿದ ಜ್ವರ ನಮ್ಮ ಊರಿಗೂ ಬಂತು. ಗಿರಣಿ ಮುಚ್ಚಿತು. ಮೊದಲು ಯಜಮಾನರು ಮಲಗಿದರು, ಅವರು ಎದ್ದ ಮೇಲೆ ನಾವಿಬ್ಬರೂ ಮಲಗಿದೆವು. ಒಂದು ದಿನ ಬೆಳಿಗ್ಗೆ ಅವರು ಔಷಧಿ ತರಲು ಪೇಟೆಗೆ ಹೋದರು. ವಾಪಸು ಬಂದಾಗ ತಂಗಿಯ ಚಾಪೆ ಬರಿದಾಗಿತ್ತು. ಹುಡುಕುತ್ತ ಹೋದವರಿಗೆ ಗಿರಣಿಯ ಸಿಹಿನೀರ ಬಾವಿಯಲ್ಲಿ ಆಕೆ ಕಂಡಳು. ಹಗ್ಗ ಕಟ್ಟಿಕೊಂಡು ತಾವೇ ಇಳಿದು ಎತ್ತಿ ತಂದರು. ಇದೆಲ್ಲ ನನಗೆ ತಿಳಿದದ್ದು ಜ್ವರ ಬಿಟ್ಟ ಮೇಲೆ, ಪಕ್ಕದ ಮನೆಯವರ ಬಾಯಿಂದ. ಆಕೆ ಎಲ್ಲಿ ಎಂದು ನಾನು ಕೇಳಿದಾಗ ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಆಕೆಯ ಮಾತನ್ನೇ ಎತ್ತಲಿಲ್ಲ. ಊರಿನವರು ಮಾತ್ರ ಒಂದೇ ಮಾತು ಆಡಿದರು: ಗಂಡ ಸತ್ತ ಹುಡುಗಿ, ಬದುಕು ಬೇಸರವಾಗಿ ಹಾರಿಕೊಂಡಳು.

ಗಿರಣಿಯ ಸಾವುಕಾರರು ಬಾವಿಯ ಬಾಯಿಗೆ ಜಾಲಿಮುಳ್ಳು ಹಾಕಿಸಿ ಹಗ್ಗ, ರಾಟೆ ಬಿಚ್ಚಿಸಿದರು. ಗಿರಣಿ ಮತ್ತೆ ಶುರುವಾದಾಗ ಅಂಗಳದ ಆಚೆಯ ಉಪ್ಪುನೀರ ಬಾವಿಯಿಂದಲೇ ಎಲ್ಲ ಕೆಲಸ ನಡೆಯಿತು.

ಮುಂದಿನ ಸುಗ್ಗಿಯ ಹೊತ್ತಿಗೆ ಇಂಜಿನ್ನು ಕಾಯತೊಡಗಿತು. ಬೆಳಿಗ್ಗೆ ಚೆನ್ನಾಗಿ ಓಡುತ್ತಿತ್ತು. ಬಿಸಿಲು ಏರಿದಂತೆ ಅದರ ಸದ್ದು ದಪ್ಪವಾಗಿ, ಒಳಗಿನಿಂದ ಯಾರೋ ಗುದ್ದಿದ ಹಾಗೆ ಕೇಳುತ್ತಿತ್ತು. ಸುಟ್ಟ ಎಣ್ಣೆಯ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಯಜಮಾನರು ನಿಲ್ಲಿಸಿ, ಆರಲು ಬಿಟ್ಟು, ಮತ್ತೆ ಓಡಿಸುತ್ತಿದ್ದರು. ಬುತ್ತಿ ಕೊಡಲು ಹೋದಾಗ ನೋಡುತ್ತಿದ್ದೆ: ಜ್ವರ ಬಂದವರ ಹಣೆ ಮುಟ್ಟುವಂತೆ ಕೈಯ ಹಿಂಬದಿಯನ್ನು ಆ ಕಬ್ಬಿಣಕ್ಕೆ ತಾಗಿಸಿಕೊಂಡು ನಿಂತಿರುತ್ತಿದ್ದರು. ಆರುವ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಅವರು ಅದನ್ನೇ ಕೇಳುತ್ತಿರುವಂತೆ ಕಾಣುತ್ತಿತ್ತು. ನಾನು ಬುತ್ತಿ ಇಟ್ಟು ಬರುತ್ತಿದ್ದೆ.

ಗಿರಣಿಯಲ್ಲಿ ಶೇಂಗಾ ಬೇಳೆ ಆರಿಸುವ ಹೆಂಗಸರು ಮೊದಲು ಪಿಸುಗುಟ್ಟಿದರು, ಆಮೇಲೆ ನನ್ನೆದುರಿಗೇ ಹೇಳಿದರು.

“ಬಾವಿಗೆ ಬಿದ್ದಾಕಿ ಇಂಜಿನ್ನಿನಾಗೆ ಸೇರ್ಕೊಂಡಾಳೆ ಕಣವ್ವ. ಅದಕ್ಕೇ ಅದಕ್ಕೆ ಜ್ವರ ಬಿಡವಲ್ದು.”

ನಾನು ಸುಮ್ಮನಿರಿ ಎಂದೆ. ಆದರೆ ಮಧ್ಯಾಹ್ನ ಇಂಜಿನ್ನು ನಿಂತು ಗಿರಣಿ ತಣ್ಣಗಾದಾಗ, ಮುಳ್ಳು ಮುಚ್ಚಿದ ಬಾವಿಯ ಕಡೆಯಿಂದ ಒದ್ದೆ ಹಗ್ಗದ ವಾಸನೆ ಬಂದಂತಾಗುತ್ತಿತ್ತು. ಅಲ್ಲಿ ಹಗ್ಗವೇ ಇರಲಿಲ್ಲ. ಬಟ್ಟೆ ಒಣಹಾಕಲು ಹೋದವಳು ಎಷ್ಟೋ ಸಲ ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಬಂದಿದ್ದೇನೆ.

ಯಜಮಾನರು ದೆವ್ವದ ಮಾತಿಗೆ ಕಿವಿಗೊಡಲಿಲ್ಲ. ಒಂದೊಂದಾಗಿ ಪರೀಕ್ಷೆ ಮಾಡುತ್ತ ಹೋದರು. ಇಂಜಿನ್ನಿನ ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ತೊಟ್ಟಿಯಿತ್ತು. ಅದರ ತಣ್ಣೀರು ಕೆಳಗಿನ ಕೊಳವೆಯಿಂದ ಸಿಲಿಂಡರಿನ ಸುತ್ತಲಿನ ಪೊಳ್ಳಿಗೆ ಹೋಗಿ, ಅಲ್ಲಿ ಕಾದು, ಮೇಲಿನ ಕೊಳವೆಯಿಂದ ತೊಟ್ಟಿಗೆ ಮರಳಬೇಕು. ತೊಟ್ಟಿಯಲ್ಲಿ ನೀರು ಕಡಿಮೆಯಿತ್ತೇ ಎಂದು ನೋಡಿದರು, ತುಂಬಿತ್ತು. ಎಣ್ಣೆ ಸರಿಯಾಗಿ ತೊಟ್ಟಿಕ್ಕುತ್ತಿತ್ತು. ಒಂದು ಗಾಣದ ಪಟ್ಟಿ ತೆಗೆದು ಭಾರ ಇಳಿಸಿದರು, ಆದರೂ ಕಾಯಿತು. ಕೊನೆಗೆ ಎರಡೂ ಕೊಳವೆ ಮುಟ್ಟಿ ನೋಡಿದರು. ಮೇಲಿನದು ಮುಟ್ಟಿದರೆ ಬೊಬ್ಬೆ ಏಳುವಷ್ಟು ಬಿಸಿ, ಕೆಳಗಿನದು ಮಡಕೆಯ ಹಾಗೆ ತಣ್ಣಗೆ. ನೀರು ಓಡಾಡುತ್ತಿಲ್ಲ ಎಂದು ಅವರಿಗೆ ಆಗ ಗೊತ್ತಾಯಿತು.

ಕೊಳವೆ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಒಳಗೆಲ್ಲ ಬಿಳಿಯ ಗಟ್ಟಿ ಹೊಪ್ಪಳಿಕೆ, ನಡುವೆ ಬೆರಳು ತೂರದಷ್ಟು ಸಣ್ಣ ದಾರಿ. ಉಪ್ಪುನೀರು ಕಾಯಿಸಿದರೆ ನನ್ನ ಅನ್ನದ ಎಸರಿನ ಪಾತ್ರೆಗೂ ಅದೇ ಹಿಡಿಯುತ್ತಿತ್ತು. ಸಿಲಿಂಡರಿನ ಮುಚ್ಚಳ ತೆಗೆದರೆ ಪೊಳ್ಳು ತುಂಬ ಅದೇ ಕಲ್ಲು. ಉಳಿಯಿಂದ ಮೆಲ್ಲಗೆ ಕೆತ್ತಿ ತೆಗೆದರು. ಕೆಲವು ದಿನ ಇಂಜಿನ್ನು ಓಡಿತು. ಮತ್ತೆ ಕಟ್ಟಿಕೊಂಡಿತು.

ಸಾವುಕಾರರು ಬಂದು ಕೇಳಿದಾಗ ಯಜಮಾನರು, ಉಪ್ಪುನೀರು ಬಿಡದಿದ್ದರೆ ಇದು ನಿಲ್ಲುವುದಿಲ್ಲ ಎಂದರು.

“ಸೀನೀರು ನಮ್ಮ ಬಾವಿಯಾಗೇ ಐತಲ್ಲೋ ಮಾರಾಯ,” ಎಂದರು ಸಾವುಕಾರರು.

ಯಜಮಾನರು ಆ ಬಾವಿಯ ಕಡೆ ಹೋಗಲಿಲ್ಲ. ಮಾರನೆಯ ದಿನದಿಂದ ಗಾಡಿಯಲ್ಲಿ ಪೀಪಾಯಿ ಇಟ್ಟು ಕೆರೆಯ ನೀರು ತರಿಸಿದರು. ಬೇಸಿಗೆ ಬಂದು ಕೆರೆ ತಳ ಕಾಣುತ್ತಿತ್ತು. ಬಂದದ್ದು ನೀರಿಗಿಂತ ಹೆಚ್ಚು ಕೆಸರು. ಬಟ್ಟೆಯಲ್ಲಿ ಸೋಸಿ ಹಾಕಿದರೂ ಕೊಳವೆ ಕಟ್ಟಿಕೊಂಡಿತು. ಒಂದು ಮಧ್ಯಾಹ್ನ ಇಂಜಿನ್ನು ಕಿರುಚಿದಂತೆ ಸದ್ದು ಮಾಡಿ ನಿಂತೇ ಬಿಟ್ಟಿತು. ಒಳಗಿನ ಪಿಸ್ಟನ್ನು ಕಾದು ಹಿಗ್ಗಿ ಹಿಡಿದುಕೊಂಡಿತ್ತು. ಗಡಿಬಿಡಿಯಲ್ಲಿ ಕೈಯಿಟ್ಟು ಯಜಮಾನರ ಅಂಗೈ ಸುಟ್ಟಿತು.

ನಾನು ಜಗಲಿಯ ಮೇಲೆ ಕೂರಿಸಿಕೊಂಡು ಕೈಗೆ ಎಣ್ಣೆ ಸವರಿ ಬಟ್ಟೆ ಸುತ್ತುತ್ತಿದ್ದೆ. ಧೈರ್ಯ ಮಾಡಿ ಹೇಳಿದೆ: “ಆ ಬಾವಿ ತೆಗೆಸ್ರಿ.”

ಅವರು ಬಾವಿಯ ಮೇಲಿನ ಮುಳ್ಳಿನ ಕಡೆ ನೋಡಿದರು.

“ನಾನು ಒಂದ್ಸಲ ಇಳಿದೀನಿ ಅದರಾಗೆ,” ಎಂದರು. “ಆಕಿ ಬೇಕಂತ ಬಿದ್ಳೋ, ಜಾರಿ ಬಿದ್ಳೋ, ನಂಗೆ ಗೊತ್ತಿಲ್ಲ. ಬೇಕಂತಾನೇ ಬಿದ್ಳು ಅಂತ ಗೊತ್ತಾದ್ರೆ ನಾನು ಏನ್ಮಾಡ್ಲಿ? ನನ್ನ ಮನೆಯಾಗಲ್ವಾ ಆಕಿ ಇದ್ದದ್ದು?”

ನಾನು ಬಟ್ಟೆಯ ತುದಿ ಹರಿದು ಗಂಟು ಹಾಕಿದೆ.

ಎರಡು ದಿನ ಗಿರಣಿ ಮುಚ್ಚಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ, ಅವರು ಒಂದೇ ಕೈಯಲ್ಲಿ ಬಾವಿಯ ಮೇಲಿನ ಜಾಲಿಮುಳ್ಳು ಎಳೆದು ಹಾಕುತ್ತಿದ್ದರು. ಸಾವುಕಾರರು ತೆಂಗಿನಕಾಯಿ ಒಡೆಸಿದರು. ಎತ್ತು ಹೂಡಿ ಕಪಿಲೆಯಿಂದ ಹಳೆಯ ನೀರನ್ನು ಎತ್ತಿ ಚೆಲ್ಲಿದರು. ಕಪ್ಪು ನೀರು ಅಂಗಳದಲ್ಲಿ ಹರಿದು ನಮ್ಮ ಬಾಗಿಲವರೆಗೂ ಬಂತು. ನಾನು ಹೊಸ್ತಿಲ ಮೇಲೆ ಕಾಲು ಮೇಲಕ್ಕಿಟ್ಟುಕೊಂಡು ನಿಂತೆ. ತಳ ಕಂಡಾಗ ಹೂಳು ತೆಗೆಯಲು ಆಳುಗಳು ಯಾರೂ ಇಳಿಯಲು ಒಪ್ಪಲಿಲ್ಲ. ಯಜಮಾನರೇ ಇಳಿದರು.

ಬುಟ್ಟಿ ಬುಟ್ಟಿ ಹೂಳು ಮೇಲೆ ಬಂತು. ಆಮೇಲೆ ಬುಟ್ಟಿ ಬರುವುದು ನಿಂತಿತು. ಕೂಗಿದರೂ ಉತ್ತರವಿಲ್ಲ. ನಾನು ಬಾವಿಯ ಕಟ್ಟೆಗೆ ಓಡಿದೆ. ಅಷ್ಟರಲ್ಲಿ ಹಗ್ಗ ಅಲುಗಿತು, ಎಳೆದುಕೊಂಡರು. ಅವರು ಮೈಯೆಲ್ಲ ಕೆಸರಾಗಿ ಮೇಲೆ ಬಂದರು. ಸುಟ್ಟ ಕೈಯಿಂದಲೇ ಒಂದು ಹಿತ್ತಾಳೆಯ ತಂಬಿಗೆಯನ್ನು ಎದೆಗೆ ಅವಚಿಕೊಂಡಿದ್ದರು. ಅದರ ಕೊರಳಿಗೆ ಹಗ್ಗ ಬಿಗಿಯಾಗಿ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಸವೆದು ತುಂಡಾಗಿತ್ತು.

“ನೀರಿಗೆ ಬಂದಿದ್ಳು,” ಎಂದರು. “ನೀರಿಗೇ ಬಂದಿದ್ಳು ನೋಡು.”

ಆಳುಗಳ ಮುಂದೆಯೇ ಕೂತು ಅತ್ತರು. ಆಕೆ ಹೋದ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಹತ್ತಿರ ಹೋಗಿ ತಂಬಿಗೆಯನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದೆ. ಒರೆಸಿದಾಗ ತಿಳಿಯಿತು, ಅದು ನನ್ನದು. ತವರಿನಿಂದ ಕೊಟ್ಟದ್ದು. ಜ್ವರದಲ್ಲಿ ಮಲಗಿದಾಗ ನನ್ನ ತಲೆದೆಸೆಯಲ್ಲಿ ಇಟ್ಟಿದ್ದದ್ದು. ಆಮೇಲೆ ಕಾಣದಿದ್ದಾಗ, ಆ ಗಲಾಟೆಯಲ್ಲಿ ಯಾರೋ ಒಯ್ದಿರಬೇಕು ಎಂದುಕೊಂಡು ಮರೆತಿದ್ದೆ.

ಬಾವಿಯಲ್ಲಿ ಹೊಸ ನೀರು ಊರಿತು. ಯಜಮಾನರು ಪಿಸ್ಟನ್ನು ಬಿಡಿಸಿ, ಕೊಳವೆಗಳನ್ನು ಮತ್ತೆ ಕೆತ್ತಿ, ತೊಟ್ಟಿ ತೊಳೆದು ಆ ನೀರು ತುಂಬಿಸಿದರು. ಇಂಜಿನ್ನು ಸಂಜೆಯವರೆಗೆ ಒಂದೇ ಸದ್ದಿನಲ್ಲಿ ಓಡಿತು. ಮತ್ತೆ ಹಾಗೆ ಕಾಯಲಿಲ್ಲ. ಬೇಳೆ ಆರಿಸುವವರು ಸ್ವಲ್ಪ ದಿನ ಅನುಮಾನಿಸಿ, ಆಮೇಲೆ ಅಲ್ಲಿಂದಲೇ ಕೊಡ ತುಂಬಿಸಿಕೊಂಡು ಹೋದರು. ಯಜಮಾನರು ಊಟಕ್ಕೆ ಕೂತಾಗ ತಂಗಿಯ ವಿಷಯ ಮಾತಾಡುವುದನ್ನು ಕಲಿತರು. ಆಕೆ ಚಿಕ್ಕಂದಿನಲ್ಲಿ ಕುರಿಮರಿ ಹೊತ್ತು ತಿರುಗುತ್ತಿದ್ದದ್ದು, ಸುಳ್ಳು ಹೇಳುವಾಗ ಮೂಗು ಉಜ್ಜಿಕೊಳ್ಳುತ್ತಿದ್ದದ್ದು. ಅವರ ಮನಸ್ಸಿನಿಂದ ಒಂದು ಭಾರ ಇಳಿದಿತ್ತು.

ಅದು ನನ್ನ ಮೇಲೆ ಬಂತು. ಜ್ವರದಲ್ಲಿ ನಾನು ತವರಿನ ತೆಲುಗಿನಲ್ಲಿ ಬಡಬಡಿಸುತ್ತಿದ್ದೆನಂತೆ. ಪಕ್ಕದ ಮನೆಯವರು ಹೇಳಿದ್ದರು. ಏನು ಬಡಬಡಿಸಿದೆ ಎಂದು ಅವರಿಗೆ ಅರ್ಥವಾಗಿರಲಿಲ್ಲ. ನಾದಿನಿಗೆ ಮಾತ್ರ ನನ್ನಿಂದ ಕಲಿತ ಒಂದಿಷ್ಟು ತೆಲುಗು ಬರುತ್ತಿತ್ತು. ನಾನು ನೀರು ಕೇಳಿ ನೀಳ್ಳು ಎಂದೆನೋ? ಆಕೆ ತನ್ನ ಜ್ವರದಲ್ಲೇ ಎದ್ದು, ನನ್ನ ತಲೆದೆಸೆಯ ತಂಬಿಗೆ ಬರಿದಾಗಿದ್ದು ನೋಡಿ, ಬಾವಿಗೆ ಹೋದಳೋ? ಅಥವಾ ತನ್ನದೇ ಬಾಯಾರಿಕೆಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಹೋದಳೋ? ಎಷ್ಟು ನೆನೆಸಿಕೊಂಡರೂ ಆ ಬೆಳಗಿನದು ನನಗೆ ಒಂದೂ ಸಿಗುವುದಿಲ್ಲ. ಒಮ್ಮೊಮ್ಮೆ ಬಾಗಿಲಲ್ಲಿ ಯಾರೋ ನಿಂತು ತಿರುಗಿ ನೋಡಿದಂತೆ ಕಾಣುತ್ತದೆ. ಅದು ನೆನಪೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ ತಿಳಿಯದು.

ಆ ತಂಬಿಗೆ ಯಾರದೆಂದು ಯಜಮಾನರಿಗೆ ಗೊತ್ತಾಯಿತೇ? ಗೊತ್ತಾಗಿದ್ದರೂ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಬದುಕಿರುವವರೆಗೂ ಆ ಬಾವಿಯ ನೀರನ್ನೇ ನಾವಿಬ್ಬರೂ ಕುಡಿದೆವು. ಒಳ್ಳೆಯ ನೀರು; ಬೇಳೆ ಬೇಗ ಬೇಯುತ್ತಿತ್ತು.