ನಮ್ಮ ತಪ್ಪು ನಾವೇ ಎಣಿಸಿದ್ದು

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಕುಣಿಗಲ್ಲಿನ ನಮ್ಮ ಟೈಪಿಂಗ್ ಮೇಷ್ಟ್ರು ನೆನಪಾದರು. ಅವರ ಕೈಗೂ ಯಾವಾಗಲೂ ಇದೇ ವಾಸನೆ...

ತೊಂಬತ್ತರ ದಶಕದ ಮಾತು. ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯ ಮೇಲೆ ಏಳು ಟೈಪ್‌ರೈಟರ್‌ಗಳಿದ್ದವು. ದಿನವೂ ಒಂದು ಪುಟ ಹೊಡೆದು, ನಮ್ಮ ತಪ್ಪುಗಳಿಗೆ ನಾವೇ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಎಷ್ಟೆಂದು ಬಾಯಲ್ಲಿ ಹೇಳಬೇಕಿತ್ತು. ಮೇಷ್ಟ್ರು ಹಾಳೆ ಮುಟ್ಟುತ್ತಿರಲಿಲ್ಲ. ಹತ್ತಕ್ಕಿಂತ ಹೆಚ್ಚು ಎಂದವರನ್ನು ಮಾರನೆಯ ಬೆಳಿಗ್ಗೆ ಆರಕ್ಕೇ ಕರೆದು, ಪಕ್ಕದಲ್ಲಿ ಕೂತು ಬೆರಳು ತಿದ್ದುತ್ತಿದ್ದರು. ಹೇಳಿದ್ದೆಲ್ಲ ನಂಬ್ತಾನೆ, ಎಂಥ ಪುಣ್ಯಾತ್ಮನಪ್ಪ ಎಂದು ನಾವು ಮೆಟ್ಟಿಲಿಳಿಯುವಾಗ ನಗುತ್ತಿದ್ದೆವು.

ನನಗೋ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕು. ಹದಿನಾಲ್ಕು ತಪ್ಪಿದ್ದ ದಿನವೂ "ಮೂರು ಸಾರ್" ಅನ್ನುತ್ತಿದ್ದೆ. ದಡ್ಡರ ಜೊತೆ ಬೆಳಿಗ್ಗೆ ಕೂರಲು ನಾಚಿಕೆ. ಜೂನಿಯರ್ ಟೈಪಿಂಗ್ ಪರೀಕ್ಷೆ ಪಾಸಾದರೆ ತಮ್ಮ ಆಫೀಸಿನಲ್ಲಿ ಕೆಲಸ ಕೊಡುವುದಾಗಿ ವಕೀಲರೊಬ್ಬರು ಹೇಳಿದ್ದರು. ತುಮಕೂರಿಗೆ ಹೋಗಿ ಪರೀಕ್ಷೆ ಬರೆದೆ, ಫೇಲಾದೆ. ಬೆಳಿಗ್ಗೆ ಆರಕ್ಕೆ ಬರುತ್ತಿದ್ದ ಹುಡುಗಿಗೆ ಆ ಕೆಲಸ ಸಿಕ್ಕಿತು.

ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋಗಿ ಎಲ್ಲ ಒಪ್ಪಿಕೊಂಡೆ. ಮೇಷ್ಟ್ರು ರಿಬ್ಬನ್ ಸುತ್ತುತ್ತಲೇ, "ಗೊತ್ತಿತ್ತು ಕಣಮ್ಮ. ತಪ್ಪು ಬಿದ್ದಾಗೆಲ್ಲ ನಿನ್ ಕೈ ಒಂದ್ಗಳಿಗೆ ನಿಲ್ತಿತ್ತು, ಕೇಳಿಸ್ತಿತ್ತು" ಎಂದರು.

ನನಗೆ ಸಿಟ್ಟೇ ಬಂತು. "ಮತ್ತೆ ಒಂದಿನನಾದ್ರೂ ಯಾಕ್ ಸಾರ್ ಹಾಳೆ ನೋಡ್ಲಿಲ್ಲ?"

"ನಿಂದ್ ನೋಡಿದ್ರೆ ಎಲ್ಲಾರ್ದೂ ನೋಡ್ಬೇಕಾಗ್ತಿತ್ತು. ನಿಜ ಹೇಳೋರ ಮೊಕ ಹೆಂಗ್ ನೋಡ್ಲಿ?" ರಿಬ್ಬನ್ ಕೆಳಗಿಟ್ಟು, "ಆದ್ರೂ ನಿನ್ನ ಕರ್ದು ಒಂದ್ ಮಾತು ಕೇಳ್ಬೇಕಿತ್ತು. ಅದು ನನ್ ತಪ್ಪು, ಅದ್ಕೂ ಒಂದ್ ಸುತ್ತು ಹಾಕು" ಎಂದರು.

ಮಾರನೆಯ ಬೆಳಿಗ್ಗೆ ಆರಕ್ಕೆ ಹೋಗಿ ಕೂತೆ. ನನ್ನ ಕಿರುಬೆರಳನ್ನು ಅವರು ಅದೆಷ್ಟು ಸಲ ಸರಿಯಾದ ಕೀಲಿಯ ಮೇಲೆ ಇಟ್ಟರೋ... ಒಮ್ಮೆಯೂ ಬೇಸರಪಡಲಿಲ್ಲ. ಮುಂದಿನ ಪರೀಕ್ಷೆ ಪಾಸಾಗಿ, ಗುಬ್ಬಿಯಲ್ಲಿ ಕೆಲಸ ಸಿಕ್ಕಿ, ಅಲ್ಲೇ ನಿಂತೆ. ಅವರನ್ನು ನೆನೆಯದೆ ನಾನು ಸಂಬಳ ಎಣಿಸಿದ್ದಿಲ್ಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೋಗಿ ಅವರನ್ನು ನೋಡಿರಲಿಲ್ಲ. ಯಾರಾದರೂ ಕೇಳಿದರೆ ಬಿಡುವಾಗಲಿಲ್ಲ ಎನ್ನುತ್ತೇನೆ, ಅವರೂ ನಂಬುತ್ತಾರೆ.

ಬಿಡುವಿತ್ತು.