ಎದುರಿಗಿಟ್ಟ ತಾಟು

ಮೊಮ್ಮಕ್ಕಳೇ, ದೂರದಲ್ಲಿದ್ದವರು ಎದುರಿಗೆ ಕಂಡರು ಎಂದು ಯಾರಾದರೂ ಹೇಳಿದರೆ ನಾನು ನಂಬುತ್ತಿರಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ. ಆದರೂ ನನ್ನ ಮಗಳು, ನಿಮ್ಮ ಗಿರಿಜಾ ಅತ್ತೆಯ ವಿಷಯದಲ್ಲಿ ನಡೆದದ್ದನ್ನು ನಡೆದಂತೆ ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ.

ಆಗ ಅವಳಿಗೆ ಮೂವತ್ತು ದಾಟಿತ್ತು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಕೋಣೆ ಹಿಡಿದು ಟ್ಯೂಷನ್ ಹೇಳುತ್ತಿದ್ದಳು. ಮೊದಲು ಸೋಮವಾರ ಉಪವಾಸ ಅಂದಳು. ಆಮೇಲೆ ವಾರವೆಲ್ಲ ಉಪವಾಸವೇ ಆಯಿತು. ಕಮಲಾಪುರದ ನಮ್ಮ ಓಣಿಯವರು, "ನಿಮ್ಮ ಮನ್ಯಾಗ ಶರಣಿ ಹುಟ್ಯಾಳ ನೋಡ್ರಿ" ಎಂದು ಹೊಗಳಿದರು. ನಾನು ಹಿಗ್ಗಿದೆ. ಪಾಠ ಹೇಳುತ್ತಲೇ ಅವಳು ಕುಸಿದುಬಿದ್ದ ಮೇಲೆ ಡಾಕ್ಟರು, ಇದು ಭಕ್ತಿಯಲ್ಲ, ಅನೊರೆಕ್ಸಿಯಾ, ಊಟಕ್ಕೇ ಹೆದರುವ ಕಾಯಿಲೆ, ಜೀವಕ್ಕೆ ಅಪಾಯವಿದೆ ಎಂದರು.

ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ಹೋಗತೊಡಗಿದಳು. ಅಲ್ಲಿಯ ಮೇಡಂ ಅವಳ ಮೈಯ ಮಾತು ಎತ್ತುತ್ತಿರಲಿಲ್ಲ. ಅವಳ ಹೆದರಿಕೆಯನ್ನು ಕೂತು ಕೇಳುತ್ತಿದ್ದರು. ನನಗೆ ಹೇಳಿದ್ದು ಇಷ್ಟೇ: "ಬೈಬ್ಯಾಡ್ರಿ, ಬಾಯಾಗ ತುರುಕಬ್ಯಾಡ್ರಿ. ಅಕಿ ಜೋಡಿ ಕುಂತು ನೀವೂ ಉಣ್ರಿ."

ಗಿರಿಜಾ ನಕ್ಕುಬಿಟ್ಟಳು. "ನಮ್ಮವ್ವ ಉಣ್ಣೋದು ನಾ ಹುಟ್ಟಿದಾಗಿಂದ ನೋಡಿಲ್ರಿ ಮೇಡಂ. ಮೊದಲ ಅಕಿಗೆ ಕಲಿಸ್ರಿ."

ನಿಜವೇ. ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಉಣ್ಣುವುದೇ ನನ್ನ ರೂಢಿ. ಆ ದಿನ ಅವಳ ಕೋಣೆಯಲ್ಲಿ ಅವಳೆದುರು ಕೂತೆ, ತುತ್ತು ಎತ್ತಲಾಗಲಿಲ್ಲ. ತೊಗರಿ ರಾಶಿಯ ನೆಪ ಹೇಳಿ ಊರಿಗೆ ಬಂದುಬಿಟ್ಟೆ. ಮೇಡಂ ಬಿಡಲಿಲ್ಲ, ನಾನು ಊರಲ್ಲಿ, ಅವಳು ಕಲಬುರಗಿಯಲ್ಲಿ, ಇದ್ದಲ್ಲೇ ಇಬ್ಬರೂ ಮಧ್ಯಾಹ್ನ ಒಂದು ಗಂಟೆಗೆ ಉಣ್ಣಬೇಕೆಂದು ಗೊತ್ತುಮಾಡಿದರು.

ಬಾಗಿಲು ಹಾಕಿಕೊಂಡು ಎರಡು ತಾಟು ಇಡುತ್ತಿದ್ದೆ. ಎದುರಿನದರಲ್ಲಿ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ. ಅವಳು ಕೂತಿದ್ದಾಳೆಂದೇ ತಿಳಿದು, ನಾಚಿ, ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಹತ್ತನೆಯದೋ ಹನ್ನೊಂದನೆಯದೋ ದಿನ, ಕೈ ತೊಳೆಯಲು ಎದ್ದು ನೋಡಿದರೆ ಎದುರಿನ ರೊಟ್ಟಿ ಅರ್ಧವೇ ಇತ್ತು. ಬಾಗಿಲ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

ಅಷ್ಟರಲ್ಲಿ ಫೋನ್ ಬಂತು. ನನ್ನದು ಮಾತಷ್ಟೇ ಕೇಳುವ ಹಳೆಯ ಫೋನು, ಮುಖ ಕಾಣುವುದಿಲ್ಲ.

"ಯವ್ವಾ, ಅರ್ಧ ರೊಟ್ಟಿ ತಿಂದೆ" ಎಂದಳು. ಮತ್ತೆ, "ಆ ತೋಳು ಹರಿದ ಕುಪ್ಪಸ ಹಾಕ್ಕೊಂಡು ನನ್ನ ಎದುರಿಗೇ ಉಣ್ಣಾಕತ್ತಿದ್ದಿ. ಎಷ್ಟ ಕರದ್ರೂ ತಲಿ ಎತ್ತಲಿಲ್ಲಲ್ಲ" ಎಂದಳು.

ನಾನು ಮೈಮೇಲಿನ ಕುಪ್ಪಸ ನೋಡಿಕೊಂಡೆ. ತೋಳು ಹರಿದದ್ದು ಆ ದಿನ ಬೆಳಿಗ್ಗೆ.

ಗಿರಿಜಾ ನಿಧಾನವಾಗಿ ಚೇತರಿಸಿಕೊಂಡಳು. ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳಂತೆ. ನನ್ನ ಎದುರು ಮಾತ್ರ ಇಂದಿಗೂ ತಾಟು ಮುಟ್ಟುವುದಿಲ್ಲ. ಆ ಅರ್ಧ ರೊಟ್ಟಿ ಎಲ್ಲಿ ಹೋಯಿತೋ ನನಗೆ ತಿಳಿಯದು. ಆ ಕಾಯಿಲೆ ಬಂದಮೇಲೆ ಮಗಳು ನನ್ನೆದುರು ಕೂತು ಉಂಡದ್ದು ಅದೊಂದೇ ಸಲ. ನಾನು ತಲೆ ಎತ್ತಲಿಲ್ಲ.