ಹತ್ತೊಂಬತ್ತು ಸಡಿಲ ಮೊಳೆಗಳು

೨೦೦೩ರ ಮೇ, ಬೆಳಗಿನ ಆರು ಗಂಟೆ. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ರಿಕ್ಷಾಗಳ ಗದ್ದಲ ಶುರುವಾಗುವ ಮೊದಲೇ ಭುಜಂಗ ಬಡಿಗೇರ ನೀಲಿಮಾ ಅವರ ಮನೆಯ ಹಳೆಯ ಗ್ರ್ಯಾಂಡ್ ಪಿಯಾನೋದ ಮೇಲೆ ಬಾಗಿ ನಿಂತಿದ್ದಾರೆ. ತಂತಿಯ ತುದಿ ಸುತ್ತಿಕೊಂಡ ಕಬ್ಬಿಣದ ಮೊಳೆಗೆ ಚಾವಿ ಸಿಕ್ಕಿಸಿ ತುಸುವೇ ತಿರುಗಿಸುತ್ತಾರೆ. ಬಿಗಿ ಇದ್ದರೆ ಮುಂದಿನದಕ್ಕೆ ಕೈ. ಬೆಣ್ಣೆಯಲ್ಲಿ ತಿರುಗಿದಂತಾದರೆ ಸೀಮೆಸುಣ್ಣದ ಗುರುತು. ಇನ್ನೂರಿಪ್ಪತ್ತಕ್ಕೂ ಹೆಚ್ಚು ಮೊಳೆಗಳಲ್ಲಿ ಹತ್ತೊಂಬತ್ತಕ್ಕೆ ಗುರುತು ಬಿದ್ದಿದೆ.

ಮೊಳೆಗಳು ಕೂತಿರುವುದು ಒಳಗಿನ ದಪ್ಪ ಹಲಗೆಯಲ್ಲಿ. ಅದರ ಹಿಡಿತ ತಪ್ಪಿದರೆ ಸಂಜೆ ಕೂಡಿಸಿದ ಸ್ವರ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಪಿಯಾನೋ ಕಲಿಸುವ ನೀಲಿಮಾ ಅವರ ಏಳು ಶಿಷ್ಯರಿಗೆ ಮೂರು ವಾರದಲ್ಲಿ ಪರೀಕ್ಷೆ. ಹಲಗೆಯನ್ನೇ ಬದಲಿಸಬೇಕು, ಮೂರು ತಿಂಗಳು ಬೇಕು ಎಂದು ಮುಂಬಯಿಯ ಪಿಯಾನೋ ರಿಪೇರಿಯವರೊಬ್ಬರು ಹೇಳಿಹೋಗಿದ್ದಾರೆ.

ಸುತ್ತಿಗೆಯಿಂದ ಇನ್ನಷ್ಟು ಒಳಗೆ ಹೊಡೆದರಾಯಿತಲ್ಲ ಎನ್ನುವುದು ನೀಲಿಮಾ ಅವರ ಪ್ರಶ್ನೆ. ಭುಜಂಗ ಒಪ್ಪುವುದಿಲ್ಲ. ಬೆಳಗಾವಿ ಕಡೆಯ ಬಡಿಗತನದ ಮನೆಯಿಂದ ಬಂದು, ಗೋವೆಯ ಮುದುಕರೊಬ್ಬರ ಕೈಕೆಳಗೆ ಪಿಯಾನೋಕ್ಕೆ ಸ್ವರ ಕೂಡಿಸುವ ಈ ವಿದ್ಯೆ ಕಲಿತವರು ಅವರು. ಈಗ ತಿಂಗಳಿಗೆ ಹದಿನೈದು ಪಿಯಾನೋ, ಸೈಕಲ್ ಮೇಲೆಯೇ ಓಡಾಟ. ೧೯೯೧ರಲ್ಲಿ ಒಂದು ಕ್ಲಬ್ಬಿನ ಪಿಯಾನೋಕ್ಕೆ ಹೀಗೇ ಹೊಡೆದಿದ್ದರು, ಹಲಗೆಯ ಅಡಿಗೆ ಆಸರೆ ಕೊಡುವುದನ್ನು ಮರೆತು. ಹಲಗೆ ಸೀಳಿತು. ಬಡಿಗರ ಮನೆಯವನೇ ಮರದ ಮರ್ಮ ಮರೆತೆಯಲ್ಲ ಎಂದು ಗುರು ಬೈದದ್ದಕ್ಕಿಂತ ಆ ಸಪ್ಪಳವೇ ಅವರನ್ನು ಹೆಚ್ಚು ಕಾಡಿದೆ. "ಅವತ್ತಿನಿಂದ ಸುತ್ತಿಗಿ ಕಡೀಕ ತೆಗೀತೇನ್ರಿ," ಎನ್ನುತ್ತಾರೆ.

ಸಡಿಲ ಮೊಳೆಗಳು ಅಲ್ಲಲ್ಲಿ ಚದುರಿದ್ದರೆ ತೂತು ಸವೆದಿದೆ ಎಂದರ್ಥ. ಒಂದೇ ಸಾಲಿನಲ್ಲಿದ್ದರೆ ಹಲಗೆಯೇ ಬಿರುಕು ಬಿಟ್ಟಿರಬಹುದು. ಇಲ್ಲಿ ನಾಲ್ಕು ಗುರುತು ಅಕ್ಕಪಕ್ಕವೇ ಇವೆ. ಭುಜಂಗರ ಮುಖ ಗಂಭೀರವಾಗುತ್ತದೆ. ತಂತಿ ಸಡಿಲಿಸಿ, ನಡುವಿನ ಮೊಳೆಯೊಂದನ್ನು ಕಳಚಿ, ತೂತಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಬಹಳ ಹೊತ್ತು ನೋಡುತ್ತಾರೆ. ಬಿರುಕಿಲ್ಲ, ತೂತು ಸವೆದು ನುಣ್ಣಗಾಗಿದೆ, ಅಷ್ಟೇ.

"ಹಲಗಿ ಗಟ್ಟಿ ಅದರಿ. ನೆಗಡಿ ಬಂತಂತ ಮೂಗ ಕೊಯ್ಯೂದು ಬ್ಯಾಡ. ಈಗಿಂದಕ್ಕಿಂತ ಕೂದಲೆಳಿಯಷ್ಟು ದಪ್ಪನ ಮೊಳಿ ಸಾಕು. ಮೊದಲ ಒಂದಕ್ಕ ಹಾಕ್ತೇನಿ, ನಾಲ್ಕು ದಿನ ನೋಡೂಣು."

ಐದನೆಯ ದಿನ ಅದೇ ಹೊತ್ತಿಗೆ ಬಂದು ಆ ಒಂದೇ ಸ್ವರವನ್ನು ಒತ್ತುತ್ತಾರೆ. ಕದಲಿಲ್ಲ. ಹಲಗೆಯ ಅಡಿಗೆ ಆಸರೆಯ ಕಟ್ಟಿಗೆ ಬಿಗಿದು, ಆಮೇಲೆಯೇ ಸುತ್ತಿಗೆ ಹಿಡಿದು, ಉಳಿದ ಹದಿನೆಂಟನ್ನು ಎರಡು ದಿನದಲ್ಲಿ ಮುಗಿಸುತ್ತಾರೆ. ಮಕ್ಕಳ ಪರೀಕ್ಷೆ ಇದೇ ಪಿಯಾನೋದ ಮೇಲೆ ನಡೆಯಲಿದೆ.

ನಿಮಗೆ ಇಷ್ಟದ ಹಾಡು ಹೇಳಿ, ಬಾರಿಸುತ್ತೇನೆ ಎಂದು ನೀಲಿಮಾ ಖುಷಿಯಿಂದ ಕೂರುತ್ತಾರೆ. ಭುಜಂಗರಿಗೆ ಪಿಯಾನೋ ನುಡಿಸಲು ಬರುವುದಿಲ್ಲ, ಹಾಡಿನ ಹೆಸರೂ ಗೊತ್ತಿಲ್ಲ.

"ನಾ ಕೂಡಿಸಿ ಹೋದ ಸ್ವರ ಮರುದಿನ ಬಂದಾಗ ಅಲ್ಲೇ ಕೂತಿರಬೇಕ್ರಿ. ನನಗ ಅದಽ ಹಾಡು."